ಕಾಸರಗೋಡಿನ ಡ್ರಾಯಿಂಗ್ ಕ್ಲಾಸ್: ರಬ್ಬರ್ ಮುಟ್ಟುವಂತಿಲ್ಲ

ಡಿಸೈನ್ ಓದುವ ಆಸೆ ಇದೆ, ಆದರೆ ಕೈ ಓಡಲ್ಲ ಅನ್ನುವವರು ಹೊಸ ಬಸ್ ಸ್ಟ್ಯಾಂಡ್ ಹತ್ತಿರದ ಈ ಕ್ಲಾಸಿಗೆ ಸೇರಬಹುದು. ಶುರುವಿಗೆ ಬರೀ ಗೆರೆ. ಬಾಲ್‌ಪೆನ್ನಲ್ಲಿ ಎರಡು ಚುಕ್ಕೆ ಇಟ್ಟು, ಮಣಿಕಟ್ಟು ಅಲ್ಲಾಡಿಸದೆ ಭುಜದಿಂದಲೇ ಒಂದೇ ಎಳೆತಕ್ಕೆ ಸೇರಿಸಬೇಕು, ತಪ್ಪಿದರೆ ಅಳಿಸುವ ಮಾತಿಲ್ಲ, ಪಕ್ಕದಲ್ಲೇ ಇನ್ನೊಂದು ಎಳೆಯಬೇಕು. ಆಮೇಲೆ ಡಬ್ಬ, ಸಿಲಿಂಡರ್, ದೂರ-ಹತ್ತಿರ ತೋರಿಸುವ ಪರ್ಸ್ಪೆಕ್ಟಿವ್. ಬೇಕಲ ಕೋಟೆಗೆ ಕರೆದುಕೊಂಡು ಹೋಗಿ ಎರಡೆರಡು ನಿಮಿಷದ ಸ್ಕೆಚ್ ಮಾಡಿಸಿದ್ದು ನನಗೆ ಜಾಸ್ತಿ ಹಿಡಿಸಿತು. ಜನ ಇಣುಕಿ ನೋಡುತ್ತಾರೆ ಅನ್ನುವ ನಾಚಿಕೆ ಅಲ್ಲೇ ಬಿಟ್ಟುಹೋಯಿತು. ಡಿಸೈನ್ ಪದವಿಗೆ ಸೇರಲು ಬರೆಯುವ ಯುಸೀಡ್ ಪರೀಕ್ಷೆಯಲ್ಲೂ ಕೈಯಿಂದ ಬಿಡಿಸುವ ಭಾಗ ಇದೆ ಅಲ್ವಾ, ಹಾಗಾಗಿ ಇದೇನೂ ಸುಮ್ನೆ ಹೋಗಲ್ಲ. ಬೇಸರ ಅಂದರೆ ಬ್ಯಾಚ್ ದೊಡ್ಡದು, ಹಿಂದಿನ ಬೆಂಚಿಗೆ ಮಾಷ್ಟ್ರು ಬರುವಷ್ಟರಲ್ಲಿ ಗಂಟೆ ಮುಗಿದಿರುತ್ತದೆ. ಪಾಠ ಮಲಯಾಳದಲ್ಲೇ ಹೆಚ್ಚು, ಕೇಳಿದರೆ ಕನ್ನಡದಲ್ಲಿ ಹೇಳುತ್ತಾರೆ. ಶೀಟು, ಪೆನ್ಸಿಲ್ ನಾವೇ ತರಬೇಕು.