‘ಒಳ್ಳೇದ್ ಹಾಕ್ಲಾ ಸಾರ್?’ ಅಂದ್ರೆ ಹೂಂ ಅನ್ಬೇಡಿ: ಎಂಜಿನ್ ಆಯಿಲ್ ಅಡಿಟಿವ್ ಬಗ್ಗೆ ಎಚ್ಚರಿಕೆ

ಚಿಕ್ಕಮಗಳೂರು, ಹಾಸನ ಕಡೆ ಗಾಡಿ ಸರ್ವೀಸಿಗೆ ಬಿಡೋರು ಇದನ್ನೊಂದು ಓದಿಬಿಡಿ. ಎಂಜಿನ್ ಆಯಿಲಿಗೆ ಮೇಲಿಂದ ಸುರಿಯೋ ಅಡಿಟಿವ್, ಅಂಥ ಎರಡು ಬಾಟಲಿಗೆ 1,160 ರೂಪಾಯಿ ಹೋಯ್ತು, ಹಾಳಾಗ್ಲಿ. ಅದರ ಹಿಂದೆಯೇ ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಬಿಚ್ಚಿಸಿ, ಅದರೊಳಗಿನ ಸ್ಟ್ರೈನರ್ ಜಾಲರಿ ತೊಳೆಸಿ, ಆಗಷ್ಟೇ ಹಾಕಿಸಿದ್ದ ಹೊಸ ಆಯಿಲನ್ನೇ ಮತ್ತೆ ಇಳಿಸಿ ಇನ್ನೊಂದು 5,400 ಹೋಯ್ತು. ಅಡಿಟಿವ್ ಅಂದ್ರೆ ಏನು ಅಂತ ಗೊತ್ತಿಲ್ಲದೆ ಮೋಸ ಹೋಗಿದ್ರೆ ಸುಮ್ಮನಿರಬಹುದಿತ್ತು. ಗೊತ್ತಿದ್ದೂ ಹೋದದ್ದಕ್ಕೇ ಉರಿ.

ಗಾಡಿ 1.3 ಲೀಟರ್ ಟರ್ಬೊ ಡೀಸೆಲ್ ಕಾರು, 1,18,000 ಕಿ.ಮೀ. ಓಡಿದೆ. ಬಿಡುವಾಗ ಹೇಳಿದ್ದು ಮೂರೇ: 5W-30 ಗ್ರೇಡಿನ ಆಯಿಲ್, ಆಯಿಲ್ ಫಿಲ್ಟರ್, ಡ್ರೈನ್ ಬೋಲ್ಟಿಗೆ ಹೊಸ ವಾಷರ್. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಕ್ಷಣ ನೀಲಿ ಹೊಗೆ ಬರುತ್ತೆ, ಅದನ್ನೂ ಒಮ್ಮೆ ನೋಡಿ ಅಂದಿದ್ದೆ. ಹನ್ನೊಂದು ಗಂಟೆಗೆ ಫೋನ್ ಬಂತು. “ಸಾರ್, ಎಂಜಿನ್ ಒಳಗೆ ಸ್ವಲ್ಪ ಕಿಟ್ಟ ಇದೆ. ಒಳ್ಳೇದ್ ಹಾಕ್ಲಾ?” ಆಯಿಲ್ ಒಳ್ಳೇದು ಹಾಕ್ತೀನಿ ಅಂತಾನೆ ಅಂದ್ಕೊಂಡು “ಹೂಂ” ಅಂದದ್ದು. ಆ ಒಂದು ಹೂಂ.

ಸಂಜೆ ಬಿಲ್ಲಲ್ಲಿ ಎರಡು ಸಾಲು ಜಾಸ್ತಿ. ಎಂಜಿನ್ ಫ್ಲಶ್ 380. ಎಂಜಿನ್ ಟ್ರೀಟ್‌ಮೆಂಟ್ 780. ಇದೇನಪ್ಪಾ ಅಂದ್ರೆ, “ನೀವೇ ಹೂಂ ಅಂದ್ರಲ್ಲ ಸಾರ್.” ಪಕ್ಕದಲ್ಲಿ ಇನ್ನೂ ಮೂರು ಜನ ನಿಂತಿದ್ರು. ಅವರ ಎದುರು ಜಗಳ ತೆಗೆಯೋಕೆ ನಾಚಿಕೆ ಆಯ್ತು ನೋಡಿ, ಮೋಸ ಗಟ್ಟಿಯಾಗಿದ್ದು ಅಲ್ಲೇ. ಅಷ್ಟು ಸಾಲದು ಅಂತ ಓನರ್ರು ಕೌಂಟರ್ ಮೇಲಿದ್ದ ಮಿಷನ್ ಆನ್ ಮಾಡಿದ್ರು.

ಆ ಮಿಷನ್ ನೀವೂ ನೋಡಿರ್ತೀರಿ. ಸಣ್ಣ ಮೋಟರಿಗೆ ಒಂದು ಉಕ್ಕಿನ ಬಳೆ, ಅದರ ಕೆಳಭಾಗ ಆಯಿಲ್ ಇರೋ ತಟ್ಟೆಯಲ್ಲಿ ಮುಳುಗಿರುತ್ತೆ. ತಿರುಗೋ ಬಳೆಗೆ ಒಂದು ಬೇರಿಂಗ್ ರೋಲರನ್ನು ಉದ್ದದ ಸಲಾಕೆಯಿಂದ ಒತ್ತುತ್ತಾರೆ. ಮಾಮೂಲಿ ಆಯಿಲಲ್ಲಿ ಸ್ವಲ್ಪ ಒತ್ತಿದ ಕೂಡಲೇ ಕಿರ್ರ್ ಅಂತ ಕಿರುಚಿ ಮೋಟರ್ ನಿಂತುಬಿಡುತ್ತೆ. ಆಮೇಲೆ ಬಾಟಲಿಯಿಂದ ನಾಲ್ಕು ಹನಿ ಬಿಟ್ಟು, ಅದೇ ಸಲಾಕೆಗೆ ಜೋತು ಬಿದ್ರೂ ಮೋಟರ್ ನಿಲ್ಲಲ್ಲ. “ನೋಡಿದ್ರಾ ಸಾರ್? ಕಣ್ಣಾರೆ ನೋಡಿದ್ರಲ್ಲ?” ಅಂತಾರೆ. ನೋಡಿದ್ದೇನೋ ನಿಜ. ಆದರೆ ನಿಮ್ಮ ಎಂಜಿನ್ ಒಳಗೆ ಆ ಕೆಲಸ ನಡೆಯೋದೇ ಇಲ್ಲ.

ಪಿಸ್ಟನ್ನುಗಳು ತಿರುಗಿಸೋ ಮುಖ್ಯ ಶಾಫ್ಟೇ ಕ್ರ್ಯಾಂಕ್. ಅದರ ಬೇರಿಂಗಿಗೂ ಶಾಫ್ಟಿಗೂ ಮಧ್ಯೆ ಆಯಿಲ್ ಪಂಪು ಒತ್ತಡದಲ್ಲಿ ಆಯಿಲ್ ಕೊಡುತ್ತೆ. ಶಾಫ್ಟ್ ತಿರುಗ್ತಾ ಆ ಆಯಿಲಿನ ತೆಳು ಪದರದ ಮೇಲೆ ತೇಲುತ್ತೆ. ಲೋಹಕ್ಕೆ ಲೋಹ ತಾಗೋದು ಸ್ಟಾರ್ಟ್ ಮಾಡೋ ಒಂದೆರಡು ಕ್ಷಣ, ಮತ್ತೆ ವಾಲ್ವ್ ತೆರೆಯೋ ಕ್ಯಾಮ್ ಮೇಲೆ, ಪಿಸ್ಟನ್ ಮೇಲಿನ, ಕೆಳಗಿನ ತುದಿ ಮುಟ್ಟಿ ಹಿಂದಿರುಗೋ ಜಾಗದಲ್ಲಿ. ಆ ಜಾಗಗಳಿಗೆ ಬೇಕಾದ ಸತುವಿನ ಸಂಯುಕ್ತ ಕ್ಯಾನಿನ ಆಯಿಲಲ್ಲೇ ಬೆರೆತಿರುತ್ತೆ. ಮಿಷನ್ನಿನಲ್ಲಿ ನಡೆಯೋದು ಒಂದು ಗೆರೆಯಷ್ಟು ಜಾಗದ ಮೇಲೆ ಪೂರ್ತಿ ಭಾರ ಹಾಕಿ ಉಜ್ಜೋ ಪರೀಕ್ಷೆ. ಅದು ಗೇರ್ ಆಯಿಲ್, ಗ್ರೀಸ್ ಅಳೆಯೋ ಜಾತಿಯದು. ಕ್ಲೋರಿನ್ ಬೆರೆಸಿದ ಪ್ಯಾರಫಿನ್ ಇದ್ರೆ ಅದರಲ್ಲಿ ಸಲೀಸಾಗಿ ಪಾಸಾಗುತ್ತೆ, ಯಾಕಂದ್ರೆ ಉಜ್ಜಿದ ಬಿಸಿಗೆ ಕಬ್ಬಿಣದ ಮೇಲೆ ಕ್ಲೋರೈಡ್ ಪೊರೆ ಕಟ್ಟುತ್ತೆ. ಅದೇ ಕ್ಲೋರಿನ್ ಎಂಜಿನ್ ಒಳಗೆ ಬಿಸಿ, ನೀರಿನ ಅಂಶ ಎರಡೂ ಸಿಕ್ಕಾಗ ಹೈಡ್ರೊಕ್ಲೋರಿಕ್ ಆಸಿಡ್ ಆಗಿ ಬೇರಿಂಗನ್ನೇ ತಿನ್ನಬಹುದು. ಇದನ್ನ ಕೌಂಟರಲ್ಲಿ ಯಾರೂ ಹೇಳಲ್ಲ. ಬಾಟಲಿ ಮೇಲೆ ಏನೇನು ಬೆರೆಸಿದ್ದಾರೆ ಅಂತ ಹುಡುಕಿದೆ, ‘ವಿಶೇಷ ಸೂತ್ರ’ ಅಂತ ಮಾತ್ರ ಇತ್ತು.

ಇದು ಇಂದು ನಿನ್ನೆಯ ವ್ಯಾಪಾರ ಅಲ್ಲ. ಅಮೆರಿಕದಲ್ಲಿ ಸ್ಲಿಕ್ 50 ಅನ್ನೋ ಅಡಿಟಿವ್ ಬಾಟಲಿಯ ಜಾಹೀರಾತಿನ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲೇ ದೂರು ಹಾಕಿತ್ತು. 1997ರಲ್ಲಿ ರಾಜಿಯಾಗಿ, ಆಧಾರ ಇಲ್ಲದೆ ಎಂಜಿನ್ ಸವೆತ ಕಡಿಮೆ ಮಾಡುತ್ತೆ ಅಂತ ಹೇಳ್ಕೊಳ್ಳಬಾರದು ಅಂತ ಆಯ್ತು. ನಮ್ಮೂರಿಗೆ ಆ ಸುದ್ದಿ ಇನ್ನೂ ಘಾಟಿ ಹತ್ತಿಲ್ಲ ಅನ್ಸುತ್ತೆ.

ಆಯಿಲ್ ಕ್ಯಾನ್ ಅಂದ್ರೆ ಬರೀ ಎಣ್ಣೆ ಅಲ್ಲ. ಕಿಟ್ಟ ತೊಳೆಯೋ ಡಿಟರ್ಜೆಂಟ್, ತೊಳೆದ ಕಿಟ್ಟವನ್ನ ಒಂದೆಡೆ ಗಡ್ಡೆ ಕಟ್ಟದ ಹಾಗೆ ತೇಲಿಸಿಡೋ ಡಿಸ್ಪರ್ಸೆಂಟ್, ಸವೆತ ತಡೆಯೋದು, ನೊರೆ ತಡೆಯೋದು, ಬಿಸಿಗೆ ತೀರಾ ತೆಳುವಾಗದ ಹಾಗೆ ಹಿಡಿಯೋ ಪಾಲಿಮರ್, ಎಲ್ಲ ಲೆಕ್ಕ ಹಾಕಿ ಬೆರೆಸಿ, ಎಂಜಿನ್ ಓಡಿಸಿ ಪರೀಕ್ಷೆ ಮಾಡಿದ ಮೇಲೇ ಕ್ಯಾನಿನ ಮೇಲೆ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ದುಂಡು ಮುದ್ರೆ ಬರೋದು. ಪೆಟ್ರೋಲಿಗೆ SN, SP, ಡೀಸೆಲಿಗೆ CI-4, CK-4 ಅಂತ ಬರೆದಿರುತ್ತಲ್ಲ, ಅದು. ಆ ಮುದ್ರೆ ಸಿದ್ಧ ಆಯಿಲಿಗೆ ಮಾತ್ರ. ಮೇಲಿಂದ ಸುರಿಯೋ ಬಾಟಲಿಗೆ ಇಲ್ಲ. ಈ ಎಂಜಿನ್ನಿಗೆ ಆಯಿಲ್ ಹಿಡಿಯೋದು ಮೂರು ಲೀಟರ್ ಚಿಲ್ಲರೆ. ಅದಕ್ಕೆ 350 ಮಿ.ಲೀ. ಬಾಟಲಿ ಸುರಿದ್ರೆ ಹತ್ತರಲ್ಲಿ ಒಂದು ಪಾಲು ಬೇರೆಯವರ ಸರಕು. ಡಿಟರ್ಜೆಂಟೂ ಅಷ್ಟು ತೆಳುವಾಯ್ತು, ಆಯಿಲ್ ಎಷ್ಟು ಮಂದ ಇರಬೇಕು ಅನ್ನೋ ಗ್ರೇಡೂ ಕೆಟ್ಟಿತು. ಸಾಂಬಾರು ಹದವಾಗಿದ್ದಾಗ ಯಾರೋ ಬಂದು ಇನ್ನೊಂದು ಮುಷ್ಟಿ ಉಪ್ಪು ಹಾಕಿ, ಅದಕ್ಕೂ ಬಿಲ್ ಕೊಟ್ಟ ಹಾಗೆ.

ಇನ್ನೊಂದು ಅವಾಂತರ. ಆಯಿಲ್ ಮ್ಯಾಕ್ಸ್ ಗೆರೆವರೆಗೂ ತುಂಬಿಸಿ, *ಅದರ ಮೇಲೆ* ಬಾಟಲಿ ಸುರಿದಿದ್ದಾರೆ. ಮನೆಗೆ ಬಂದು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಒರೆಸಿ ಅದ್ದಿ ನೋಡಿದ್ರೆ ಆಯಿಲ್ ಗೆರೆ ದಾಟಿ ಒಂದು ಬೆರಳಗಲ ಮೇಲಿದೆ. ಹೆಚ್ಚಾದ ಆಯಿಲನ್ನ ತಿರುಗೋ ಕ್ರ್ಯಾಂಕ್ ಮಜ್ಜಿಗೆ ಕಡೆದ ಹಾಗೆ ಕಡೆದುಬಿಡುತ್ತೆ. ನೊರೆ ಆದ ಆಯಿಲಿಗೆ ಒತ್ತಡ ನಿಲ್ಲಲ್ಲ. ಟರ್ಬೊ ಡೀಸೆಲಲ್ಲಿ ಇನ್ನೂ ಅಪಾಯ: ಎಂಜಿನ್ ಒಳಗಿನ ಆವಿ ಹೊರಬಿಡೋ ಬ್ರೀದರ್ ಪೈಪಿನಿಂದ ಆಯಿಲ್ ಹೋಗಿ, ಟರ್ಬೊ ಗಾಳಿ ತಣ್ಣಗಾಗಿಸೋ ಇಂಟರ್‌ಕೂಲರಲ್ಲಿ ನಿಂತು, ಅತಿಯಾದ್ರೆ ಎಂಜಿನ್ ಆ ಆಯಿಲನ್ನೇ ಡೀಸೆಲ್ ಥರ ಉರಿಸ್ಕೊಂಡು ತಾನಾಗೇ ರೇಸ್ ಆಗುತ್ತೆ, ಕೀ ತೆಗೆದ್ರೂ ನಿಲ್ಲಲ್ಲ. ಇದನ್ನ ಫೋನಲ್ಲಿ ಹೇಳಿದ್ದಕ್ಕೆ ಬಂದ ಉತ್ತರ: “ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಸಾರ್, ಕಮ್ಮಿ ಇದ್ರೆ ತಾನೆ ಭಯ.” ಆಯಿಲ್ ಬದಲಾಯಿಸೋ ಕೆಲಸ ಮಾಡೋ ಮನುಷ್ಯ ಹೇಳಿದ ಮಾತು ಇದು!

ಆದರೆ ನಿಜವಾದ ಹೊಡೆತ ಕೊಟ್ಟಿದ್ದು ಟ್ರೀಟ್‌ಮೆಂಟ್ ಅಲ್ಲ, ಫ್ಲಶ್. 380 ರೂಪಾಯಿಯದು. ಹಳೇ ಆಯಿಲ್ ಇಳಿಸೋ ಮೊದಲು 300 ಮಿ.ಲೀ. ಸುರಿದು, ಎಂಜಿನ್ ಬಿಸಿ ಇದ್ದಾಗ ಹತ್ತು ಹದಿನೈದು ನಿಮಿಷ ಐಡಲಲ್ಲಿ ಬಿಟ್ಟು ಇಳಿಸೋದು ಪದ್ಧತಿ. ಒಳಗಿರೋದು ಸೀಮೆಎಣ್ಣೆ ಜಾತಿಯ ತೆಳು ದ್ರಾವಕ, ಜೊತೆಗೆ ಜೋರು ಡಿಟರ್ಜೆಂಟ್. ಹೊಸದರಿಂದ ಸರಿಯಾಗಿ ಆಯಿಲ್ ಬದಲಾದ ಎಂಜಿನ್ನಿಗೆ ಇದು ಬೇಡ, ತೊಳೆಯೋಕೆ ಒಳಗೆ ಏನೂ ಇರಲ್ಲ. ಲಕ್ಷ ಕಿಲೋಮೀಟರ್ ದಾಟಿದ, ಒಳಗೆ ಗಸಿ ಕಟ್ಟಿದ ಎಂಜಿನ್ನಿಗೆ ಇದು *ಅಪಾಯ*. ಸಂಪಿನ ತಳದಲ್ಲಿ, ಹೆಡ್ಡಿನ ಮೂಲೆಯಲ್ಲಿ ವರ್ಷಗಟ್ಟಲೆ ಅಂಟಿ ಕೂತ ಗಸಿ ಕರಗಲ್ಲ, ಚಕ್ಕೆ ಚಕ್ಕೆಯಾಗಿ ಏಳುತ್ತೆ. ಅರ್ಧ ಡ್ರೈನ್ ಆಗುತ್ತೆ. ಉಳಿದರ್ಧ ಆಯಿಲ್ ಪಂಪಿನ ಬಾಯಲ್ಲಿರೋ ಜಾಲರಿಗೆ ಬಂದು ಕೂರುತ್ತೆ. ಆಯಿಲ್ ಫಿಲ್ಟರ್ ಇರೋದು ಪಂಪಿನ ಆಚೆ, ಜಾಲರಿ ಇರೋದು ಈಚೆ. ಹೊಸ ಫಿಲ್ಟರ್ ಹಾಕಿದ್ರೂ ಜಾಲರಿಯ ಕಸಕ್ಕೆ ಏನೂ ಆಗಲ್ಲ.

ಮೂರನೇ ದಿನ ಕೈಮರ ದಾಟಿ ಗಿರಿ ಹತ್ತೋವಾಗ ಐಡಲಿಗೆ ಬಂದ ಕೂಡಲೇ ಕೆಂಪು ಆಯಿಲ್ ಲೈಟ್ ಮಿಣುಕ್ ಮಿಣುಕ್. ಆಕ್ಸಲರೇಟರ್ ಕೊಟ್ರೆ ಹೋಗುತ್ತೆ, ಬಿಟ್ರೆ ಬರುತ್ತೆ. ಇದರ ಅರ್ಥ ತಿಳ್ಕೊಳ್ಳಿ. ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಮಾತ್ರ ಉರಿದ್ರೆ ಆಯಿಲ್ ಕಮ್ಮಿ ಇರಬಹುದು. ಆಯಿಲ್ ಗೆರೆಯಲ್ಲಿದ್ದೂ ಬಿಸಿ ಎಂಜಿನ್ ಐಡಲಲ್ಲಿ ಮಿಣುಕಿದ್ರೆ ಒತ್ತಡ ಬಿದ್ದಿದೆ. ಆ ಲೈಟ್ ಮುಂಚೆಯೇ ಎಚ್ಚರಿಸೋದಲ್ಲ, ಸಾಮಾನ್ಯವಾಗಿ ಅರ್ಧ ಬಾರ್ ಆಸುಪಾಸಿಗೆ ಇಳಿದ ಮೇಲೇ ಉರಿಯೋದು. ಆ ಹೊತ್ತಿಗೆ ಎಂಜಿನ್ನಿಗೆ ಗಾಳಿ ತುಂಬೋ ಟರ್ಬೊದ ಶಾಫ್ಟ್ ಆಯಿಲ್ ಸಾಲದೆ ಅರೆಹೊಟ್ಟೆಯಲ್ಲಿರುತ್ತೆ. ಜೋರು ಓಟದಲ್ಲಿ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತೋ ಶಾಫ್ಟ್ ಅದು. ತಕ್ಷಣ ಬದಿಗೆ ಹಾಕಿ ಆಫ್ ಮಾಡಿ. ನಿಧಾನಕ್ಕೆ ಊರು ಸೇರ್ಕೊಳ್ಳೋಣ ಅನ್ನೋ ಯೋಚನೆ ಬೇಡವೇ ಬೇಡ, ಟೋಯಿಂಗ್ ದುಡ್ಡು ಕ್ರ್ಯಾಂಕಿಗಿಂತ ಅಗ್ಗ.

ಗ್ಯಾರೇಜಿಗೆ ಫೋನ್ ಮಾಡಿದ್ರೆ ಮೊದಲ ಉತ್ತರ, “ಸೆನ್ಸಾರ್ ಹೋಗಿರುತ್ತೆ ಸಾರ್, 600 ರೂಪಾಯಿ.” ಎರಡನೇದು, “ಘಾಟಿ ಹತ್ತಿದ್ದೀರಲ್ಲ, ಬಿಸಿಗೆ ಹಂಗಾಗುತ್ತೆ.” ಮೂರನೇದು ಕೇಳಿ: “ಫ್ಲಶ್ ಚೆನ್ನಾಗಿ ಕೆಲಸ ಮಾಡಿದೆ ಸಾರ್, ಅದಕ್ಕೇ ಗಲೀಜು ಈಚೆ ಬರ್ತಿದೆ.” ಮೂರೂ ಒಂದೇ ಬಾಯಿಂದ, ಹತ್ತು ನಿಮಿಷದೊಳಗೆ.

ಬೇರೆ ಮೇಸ್ತ್ರಿ ಸಂಪ್ ಇಳಿಸಿದ್ರು. ಜಾಲರಿಯ ಮುಕ್ಕಾಲು ಭಾಗ ಮುಚ್ಚಿತ್ತು. ಬೆರಳಲ್ಲಿ ತೆಗೆದ್ರೆ ಕಾಫಿ ಫಿಲ್ಟರಿನ ತಳದ ಚರಟ ಇದ್ದ ಹಾಗೆ, ಕಪ್ಪಗೆ, ಉಜ್ಜಿದ್ರೆ ಚೂರು ಚೂರು. ಬೇರಿಂಗ್ ಕ್ಯಾಪ್ ಒಂದು ಬಿಚ್ಚಿ ನೋಡಿ, ಗೀರು ಬಿದ್ದಿಲ್ಲ, ಬಚಾವ್ ಅಂದ್ರು. ಸೆನ್ಸಾರಿಗೆ ಏನೂ ಆಗಿರಲಿಲ್ಲ. ಅದನ್ನೇ ವಾಪಸ್ ಹಾಕಿದ್ದು, ಈಗ ಲೈಟ್ ಇಲ್ಲ.

ಇನ್ನು ಆ ನೀಲಿ ಹೊಗೆ. ಅದು ಇವತ್ತಿಗೂ ಬರ್ತಿದೆ. 1,160 ಕೊಟ್ರೂ ಹೋಗಿಲ್ಲ, ಹೋಗೋ ಹಾಗೂ ಇಲ್ಲ. ಬೆಳಗ್ಗೆ ಸ್ಟಾರ್ಟಿಗೆ ಒಂದು ಸಲ ಬಂದು ನಿಲ್ಲೋ ನೀಲಿ ಹೊಗೆ ಸಾಮಾನ್ಯವಾಗಿ ವಾಲ್ವ್ ಸೀಲಿನದು: ಗಟ್ಟಿಯಾದ ರಬ್ಬರಿನಿಂದ ರಾತ್ರಿಯಿಡೀ ಆಯಿಲ್ ಜಿನುಗಿರುತ್ತೆ. ಏರಿನಲ್ಲಿ ಎಳೆಯುವಾಗ ಉದ್ದಕ್ಕೂ ಬಂದ್ರೆ ಪಿಸ್ಟನ್ ರಿಂಗ್ ಇಲ್ಲಾ ಟರ್ಬೊ. ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನ ಒತ್ತಡ ಅಳೆಯೋದು) ಮಾಡಿಸಿ. ಪೆಟ್ರೋಲ್ ಎಂಜಿನ್ ಆದ್ರೆ, ಒತ್ತಡ ಕಮ್ಮಿ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಏರಿದ್ರೆ ರಿಂಗ್, ಏರದಿದ್ರೆ ವಾಲ್ವ್ ಇಲ್ಲಾ ಹೆಡ್ ಗ್ಯಾಸ್ಕೆಟ್; ಡೀಸೆಲಿಗೆ ಈ ಆಯಿಲ್ ಪರೀಕ್ಷೆ ಬೇಡ. ಹೊಗೆ ನಿಲ್ಲಿಸ್ತೀವಿ ಅನ್ನೋ ಬಾಟಲಿಯಲ್ಲಿರೋದು ಹೆಚ್ಚಾಗಿ ಅಂಟು ಪಾಲಿಮರ್. ಆಯಿಲ್ ಜೇನಿನ ಹಾಗೆ ಮಂದ ಆಗಿ ಕೆಲವು ದಿನ ಹೊಗೆ ಅಡಗುತ್ತೆ. ಸೆಕೆಂಡ್ ಹ್ಯಾಂಡ್ ಮಾರೋರಿಗೆ ಅಷ್ಟು ದಿನ ಸಾಕಲ್ಲ! ಜನವರಿ ಚಳಿಯಲ್ಲಿ ಆ ಮಂದ ಆಯಿಲ್ ಕ್ಯಾಮ್ ತಲುಪೋದು ತಡ, ಕಟಕಟ ಶಬ್ದ ಜಾಸ್ತಿ. ಹಳೇ ಗಾಡಿ ಕೊಳ್ಳೋರು ಬೆಳಗ್ಗೆ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ ನೋಡೋದು ಅದಕ್ಕೇ.

ಮಲೆನಾಡಿನವರಿಗೆ ಒಂದು ಮಾತು. ಮಳೆಗಾಲದಲ್ಲಿ ಆಯಿಲ್ ಕ್ಯಾಪ್ ಬಿಚ್ಚಿ ಒಳಗಿನ ಬಿಳಿ ನೊರೆ ತೋರಿಸಿ, “ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಲ್ಲಾ ಫ್ಲಶ್ ಮಾಡ್ಲೇಬೇಕು” ಅಂತ ಹೆದರಿಸ್ತಾರೆ. ಮನೆಯಿಂದ ತೋಟ, ತೋಟದಿಂದ ಮನೆ ಅಂತ ನಾಲ್ಕೈದು ಕಿಲೋಮೀಟರ್ ಓಡಿಸೋ ಗಾಡಿ ಸರಿಯಾಗಿ ಬಿಸಿಯಾಗಲ್ಲ, ಒಳಗಿನ ಆವಿ ಕ್ಯಾಪಿನಲ್ಲಿ ತಣ್ಣಗಾಗಿ ನೊರೆ ಆಗುತ್ತೆ. ಕೂಲೆಂಟ್ ಗೆರೆ ಇಳಿದಿಲ್ಲ, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆತ ಹಾಗಿಲ್ಲ ಅಂದ್ರೆ ಮೂವತ್ತು ಕಿಲೋಮೀಟರ್ ಒಂದೇ ಸಮ ಓಡಿಸಿ, ಹೋಗುತ್ತೆ. ಇಂಥ ಗಾಡಿಗೆ ಬೇಕಿರೋದು ಬಾಟಲಿ ಅಲ್ಲ, ಬೇಗ ಆಯಿಲ್ ಬದಲಾವಣೆ. ಗಸಿ ಇದೆ ಅಂತ ಅನುಮಾನ ಇದ್ರೂ ಅಷ್ಟೇ: ಒಳ್ಳೆ ಡೀಸೆಲ್ ಆಯಿಲ್ ಹಾಕಿ, ಎರಡು ಮೂರು ಸಾವಿರ ಕಿ.ಮೀ.ಗೆ ಫಿಲ್ಟರ್ ಸಮೇತ ಒಂದೆರಡು ಸಲ ಬದಲಾಯಿಸಿ. ನಿಧಾನಕ್ಕೆ ತೊಳೀಲಿ. ತೀರಾ ಗಸಿ ಇದ್ರೆ ಸಂಪ್ ಬಿಚ್ಚಿಸಿ, ಕೈಯಲ್ಲೇ ತೆಗೆಸಿ.

ಬೈಕಿನವರು ಇನ್ನೂ ಹುಷಾರು. ಹೆಚ್ಚಿನ ಗೇರ್ ಬೈಕುಗಳಲ್ಲಿ ಕ್ಲಚ್ ಪ್ಲೇಟ್ ಮುಳುಗಿರೋದು ಅದೇ ಎಂಜಿನ್ ಆಯಿಲಲ್ಲಿ. ಜಾರಿಸೋ ಬಾಟಲಿ ಹಾಕಿದ್ರೆ ಕ್ಲಚ್ಚೇ ಜಾರುತ್ತೆ: ರೇಸ್ ಏರುತ್ತೆ, ಗಾಡಿ ಏರಲ್ಲ. ಜಪಾನಿನ ಜಾಸೊ ಗುಣಮಟ್ಟದ MA ಅಥವಾ MA2 ಅಂತ ಇರೋ ಆಯಿಲ್ ಹಾಕಿ ಸುಮ್ಮನಿರಿ. MB ಸ್ಕೂಟರಿಗೆ. ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಇರೋ ಬಿಎಸ್6 ಡೀಸೆಲ್ ಗಾಡಿಗೆ ಕಡಿಮೆ ಬೂದಿಯ ಆಯಿಲೇ ಬೇಕು. ಬಾಟಲಿಯ ಸತು, ಕ್ಯಾಲ್ಸಿಯಂ ಬೂದಿಯಾಗಿ ಆ ಫಿಲ್ಟರಲ್ಲಿ ಕೂತ್ರೆ ಸುಟ್ಟರೂ ಹೋಗಲ್ಲ. ಅದರ ಬೆಲೆ ಕೇಳಿದ್ರೆ ನನ್ನ 5,400 ಚಿಲ್ಲರೆ ಅನ್ಸುತ್ತೆ.

ಏನಾದ್ರೂ ಒಂದು ಕಡೆ ಅಡಿಟಿವ್‌ಗೆ ಅರ್ಥ ಇದೆ ಅಂದ್ರೆ ಹಳೇ ಕಾಲದ, ರೋಲರ್ ಇಲ್ಲದೆ ಕ್ಯಾಮ್ ನೇರವಾಗಿ ಉಜ್ಜೋ ಚಪ್ಪಟೆ ಟ್ಯಾಪೆಟ್ ಎಂಜಿನ್ನಿಗೆ, ಸತುವಿಗೋಸ್ಕರ. ಅಲ್ಲೂ ಸತು ಹೆಚ್ಚಿರೋ 15W-40 ಡೀಸೆಲ್ ಆಯಿಲ್ ಹಾಕಿದ್ರೆ ಬಾಟಲಿ ಇಲ್ಲದೆ ಕೆಲಸ ಆಗುತ್ತೆ.

ಗಾಡಿ ಬಿಡುವಾಗ ಜಾಬ್ ಕಾರ್ಡಿನ ಮೇಲೆ ‘ಫ್ಲಶ್ ಬೇಡ, ಅಡಿಟಿವ್ ಬೇಡ’ ಅಂತ ಬರೆಸಿ ಸಹಿ ಹಾಕಿಸಿ. ಫೋನಲ್ಲಿ ಹೂಂ ಅನ್ಬೇಡಿ, ಏನು, ಎಷ್ಟು ಅಂತ ವಾಟ್ಸಾಪಲ್ಲಿ ಬರೆದು ಕಳಿಸಪ್ಪ ಅನ್ನಿ. ಕ್ಯಾನಿನ ಸೀಲ್ ಎದುರಲ್ಲೇ ಒಡೆಸಿ, ಖಾಲಿ ಕ್ಯಾನ್ ಮನೆಗೆ ತನ್ನಿ ಇಲ್ಲಾ ತೂತು ಮಾಡಿ, ಇಲ್ಲಾಂದ್ರೆ ಅದಕ್ಕೇ ಮತ್ತೆ ಯಾವುದೋ ಎಣ್ಣೆ ತುಂಬುತ್ತೆ. ದುಡ್ಡು ಕೊಡೋ ಮೊದಲು ಡಿಪ್‌ಸ್ಟಿಕ್ ನೋಡಿ, ಕೊಟ್ಟ ಮೇಲಲ್ಲ. ನಾನು ಕೊಟ್ಟ ಮೇಲೆ ನೋಡಿದ್ದು.

ಬಿಲ್, ಜಾಲರಿಯ ಫೋಟೋ, ಎರಡನೇ ಮೇಸ್ತ್ರಿಯ ಬಿಲ್ ಎಲ್ಲ ಇಟ್ಕೊಂಡಿದ್ದೀನಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕ ಇಲ್ಲ. ಈ ಮಾತು ಹೇಳಿದ ಮೇಲೆ ಗ್ಯಾರೇಜಿನವರ ದನಿ ಸ್ವಲ್ಪ ಮೆತ್ತಗಾಯ್ತು. ನಿನ್ನೆ ಅವರೇ ಫೋನ್ ಮಾಡಿದ್ರು. “ಬೇಜಾರ್ ಮಾಡ್ಕೋಬೇಡಿ ಸಾರ್. ಮುಂದಿನ ಸರ್ವೀಸಿಗೆ ಬನ್ನಿ, ಟ್ರೀಟ್‌ಮೆಂಟ್ ಬಾಟ್ಲಿ ಒಂದು ಫ್ರೀಯಾಗಿ ಹಾಕ್ಕೊಡ್ತೀನಿ.”