ಎಲೆಕ್ಟ್ರೋಡಿನ ನಿಜವಾದ ಮೇಲ್ಮೈ: ಯಾವ ದಾರಿಯಲ್ಲಿ ಅಳೆಯೋದು?

3 ಮಿ.ಮೀ. ವ್ಯಾಸದ ಪ್ಲಾಟಿನಂ ಎಲೆಕ್ಟ್ರೋಡ್ ಲೆಕ್ಕಕ್ಕೆ 0.07 ಚದರ ಸೆಂ.ಮೀ. ಅಷ್ಟೇ. ಆದರೆ ಮೈಯೆಲ್ಲ ಉಬ್ಬುತಗ್ಗು, ಹಾಗಾಗಿ ದ್ರಾವಣಕ್ಕೆ ತಾಗುವ ಜಾಗ ಜಾಸ್ತಿ ಇರುತ್ತೆ.

ಬರೀ ಪ್ಲಾಟಿನಂ ಇದ್ದರೆ ಹೈಡ್ರೋಜನ್ ವಿಧಾನವೇ (ಮೇಲ್ಮೈಗೆ ಅಂಟುವ ಹೈಡ್ರೋಜನ್‌ನ ಚಾರ್ಜ್ ಅಳೆಯೋದು) ಸುಲಭ, ಖರ್ಚೂ ಕಡಿಮೆ. 0.5 ಮೋಲಾರ್ ಸಲ್ಫ್ಯೂರಿಕ್ ಆಸಿಡ್ ತಗೊಳ್ಳಿ, ನೈಟ್ರೋಜನ್ ಹಾಯಿಸಿ ಆಕ್ಸಿಜನ್ ಹೊರಗೆ ಕಳಿಸಿ, ಸೈಕ್ಲಿಕ್ ವೋಲ್ಟಾಮೆಟ್ರಿ (ವೋಲ್ಟೇಜ್ ಏರಿಸಿ ಇಳಿಸುತ್ತ ಕರೆಂಟ್ ಅಳೆಯೋದು) ಮಾಡಿ. ಹೈಡ್ರೋಜನ್ ಪೀಕ್‌ಗಳ ಚಾರ್ಜ್‌ನಿಂದ ಡಬಲ್ ಲೇಯರ್ (ಮೇಲ್ಮೈ ಪಕ್ಕ ಅಯಾನುಗಳು ಸೇರಿ ಆಗುವ ಚಾರ್ಜ್ ಪದರ) ಪಾಲು ಕಳೆದು, ಉಳಿದದ್ದನ್ನು 210ರಿಂದ ಭಾಗಿಸಿ (ಚದರ ಸೆಂ.ಮೀ.ಗೆ ಇಷ್ಟು ಮೈಕ್ರೋಕೂಲಂಬ್). 30 ಮೈಕ್ರೋಕೂಲಂಬ್ ಉಳಿದಿದ್ದರೆ 0.14 ಚದರ ಸೆಂ.ಮೀ., ಅಂದರೆ ಕಣ್ಣಿಗೆ ಕಾಣೋದರ ಎರಡರಷ್ಟು!

ಪ್ಲಾಟಿನಂ-ರುಥೇನಿಯಂ ಮಿಶ್ರಲೋಹವಾದರೆ ಈ ಲೆಕ್ಕ ಕೈಕೊಡುತ್ತೆ. ಆಗ ಕಾರ್ಬನ್ ಮೊನಾಕ್ಸೈಡ್ ಸ್ಟ್ರಿಪ್ಪಿಂಗ್ (ಮೇಲ್ಮೈಗೆ ಅಂಟಿಸಿದ ಆ ಅನಿಲವನ್ನು ಆಕ್ಸಿಡೈಸ್ ಮಾಡಿ ತೆಗೆದು, ಅದಕ್ಕೆ ಹಿಡಿದ ಚಾರ್ಜ್ ಅಳೆಯೋದು) ಹೆಚ್ಚು ನಂಬಬಹುದು. ಅಲ್ಲಿ 420ರಿಂದ ಭಾಗಿಸಬೇಕು. ಆದರೆ ವಾಸನೆಯೇ ಇಲ್ಲದ ವಿಷಾನಿಲ ಅದು. ಫ್ಯೂಮ್ ಹುಡ್, ಗ್ಯಾಸ್ ಅಲಾರಂ ಎರಡೂ ಇಲ್ಲದಿದ್ದರೆ ಆ ಕಡೆ ಹೋಗಲೇಬೇಡಿ.

ನಿಕ್ಕಲ್, ಕೋಬಾಲ್ಟ್ ಆಕ್ಸೈಡ್‌ಗಳಿಗೆ ಇವೆರಡೂ ಆಗಲ್ಲ, ಉಳಿಯೋದು ಡಬಲ್ ಲೇಯರ್ ಕೆಪಾಸಿಟನ್ಸ್ (ಆ ಪದರ ಚಾರ್ಜ್ ಹಿಡಿದಿಡುವ ಸಾಮರ್ಥ್ಯ). ಬೇರೆ ಬೇರೆ ಸ್ಕ್ಯಾನ್ ರೇಟ್‌ನಲ್ಲಿ (ವೋಲ್ಟೇಜ್ ಬದಲಾಯಿಸುವ ವೇಗ) ಕರೆಂಟ್ ಅಳೆದು ಗೆರೆ ಎಳೆದರೆ ಅದರ ಇಳಿಜಾರೇ ಕೆಪಾಸಿಟನ್ಸ್, ಏನನ್ನೂ ಹಾಳು ಮಾಡಲ್ಲ. ತಲೆನೋವು ಆಮೇಲೆ ಶುರು: ಯಾವ ಸಂಖ್ಯೆಯಿಂದ ಭಾಗಿಸೋದು? ತುಂಬ ಜನ ಸುಮ್ನೆ ಚದರ ಸೆಂ.ಮೀ.ಗೆ 40 ಮೈಕ್ರೋಫ್ಯಾರಡ್ ಅಂತ ಹಾಕಿಬಿಡ್ತಾರೆ. ನಿಮ್ಮದೇ ಎರಡು ಸ್ಯಾಂಪಲ್ ಹೋಲಿಸೋಕೆ ಸರಿ, ಬೇರೆಯವರ ಅಂಕಿಗೆ ಹೋಲಿಸಬೇಡಿ.

ಫೆರೋಸಯನೈಡ್ (ಎಲೆಕ್ಟ್ರೋಡಿಗೆ ಎಲೆಕ್ಟ್ರಾನ್ ಕೊಡುವ, ದ್ರಾವಣದಲ್ಲಿ ಕರಗುವ ಲವಣ) ಹಾಕಿ ಅಳೆಯೋಣ ಅಂದಿರಾ? ಅದಕ್ಕೆ ಸಣ್ಣ ಉಬ್ಬುತಗ್ಗು ಕಾಣೋದೇ ಇಲ್ಲ, ಮತ್ತೆ ಅದೇ 0.07 ಸುತ್ತಮುತ್ತ ಬರುತ್ತೆ.