ಮಳೆಗಾಲದ ಘಟ್ಟಕ್ಕೆ ಬಾಡಿಗೆ ಕ್ಯಾಮೆರಾ: ಬಲ್ಮಠದ ಒಂದು ಅಂಗಡಿಯ ವಿಮರ್ಶೆ

ಮಂಗಳೂರಿನಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವವರಿಗೆ ಕೊರತೆಯಿಲ್ಲ. ಮದುವೆ, ಯಕ್ಷಗಾನ, ಕಂಬಳ, ನೇಮ ಎಂದು ವರ್ಷದ ಬಹುಭಾಗ ಬೇಡಿಕೆ ಇರುವ ಊರು ಇದು. ಆದ್ದರಿಂದ ಬಾಡಿಗೆ ಅಂಗಡಿಗಳ ಸರಕೂ ಆ ಕೆಲಸಗಳಿಗೆ ತಕ್ಕಂತೆಯೇ ಇರುತ್ತದೆ. ಘಟ್ಟ ಹತ್ತುವವರಿಗೆ, ಅದರಲ್ಲೂ ಮಳೆಯಲ್ಲಿ ಹತ್ತುವವರಿಗೆ, ಹೋಗುವ ಜಾಗವನ್ನು ಕೇಳಿ ತಿಳಿದು ಉಪಕರಣ ಕೊಡುವವರು ಮಾತ್ರ ಅಪರೂಪ. ಬಲ್ಮಠದ ಒಳರಸ್ತೆಯೊಂದರಲ್ಲಿ, ಹಳೆಯ ಹಂಚಿನ ಮನೆಯ ಮುಂಭಾಗದ ಕೋಣೆಯಲ್ಲಿ ನಡೆಯುತ್ತಿರುವ ಈ ಅಂಗಡಿ ಅಂಥ ಅಪರೂಪಗಳಲ್ಲಿ ಒಂದು. ಇರುವ ಸರಕೇ ಸಾಲುತ್ತಿಲ್ಲ, ಹೆಸರು ಹಾಕಬೇಡಿ ಎಂದು ಮಾಲೀಕರು ಕೇಳಿಕೊಂಡದ್ದರಿಂದ ಹೆಸರನ್ನು ಬಿಟ್ಟಿದ್ದೇನೆ. ಊರಿನ ಚಾರಣಿಗರಲ್ಲಿ ವಿಚಾರಿಸಿದರೆ ದಾರಿ ಸಿಗುತ್ತದೆ.

ಮೊದಲು ಹೇಳಬೇಕಾದದ್ದು ಇಲ್ಲಿನ ಲೆನ್ಸುಗಳ ಆರೋಗ್ಯದ ಬಗ್ಗೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ಒಣಗುವುದು ಎಂಬ ಮಾತೇ ಇಲ್ಲ. ತೇವಾಂಶ ಶೇ 60–65 ದಾಟಿದ ಜಾಗದಲ್ಲಿ, ಕತ್ತಲೆಯ ಬ್ಯಾಗಿನೊಳಗೆ ವಾರಗಟ್ಟಲೆ ಮುಚ್ಚಿಟ್ಟ ಲೆನ್ಸಿನಲ್ಲಿ ಫಂಗಸ್ ಹುಟ್ಟಿಕೊಳ್ಳುತ್ತದೆ, ನಿಧಾನವಾಗಿ ಗಾಜಿನ ಮೇಲಿನ ಲೇಪನವನ್ನು ತಿನ್ನುತ್ತದೆ, ಲೇಪನ ಹೋದ ಮೇಲೆ ಎಷ್ಟು ಶುಚಿ ಮಾಡಿಸಿದರೂ ಆ ಗಾಜು ಮೊದಲಿನಂತಾಗುವುದಿಲ್ಲ. ನಗರದ ಬೇರೊಂದು ಕಡೆ ಬಾಡಿಗೆಗೆ ಪಡೆದ ಲೆನ್ಸಿನಲ್ಲಿ ತೆಗೆದ ಚಾರ್ಮಾಡಿಯ ಚಿತ್ರಗಳೆಲ್ಲ ಮಂಜಿಲ್ಲದ ದಿನವೂ ಮಂಜು ಕವಿದಂತೆ ಬಂದಾಗ ನನಗೆ ಇದು ಅರ್ಥವಾಗಿತ್ತು. ಬಲ್ಮಠದ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಡ್ರೈ ಕ್ಯಾಬಿನೆಟ್‌ಗಳಿವೆ, ಅಂದರೆ ಒಳಗಿನ ತೇವವನ್ನು ಕಡಿಮೆ ಇಡುವ ಕಪಾಟುಗಳು. ಅವುಗಳ ತೇವಾಂಶ ಮಾಪಕ ಶೇ 45ರ ಆಸುಪಾಸಿನಲ್ಲಿ ನಿಂತಿರುತ್ತದೆ. ಲೆನ್ಸನ್ನು ಕೈಗೆ ಕೊಡುವ ಮೊದಲು ಮಾಲೀಕರು ಕೋಣೆಯ ದೀಪ ಆರಿಸಿ, ಅದರ ಹಿಂಬದಿಯಿಂದ ಸಣ್ಣ ಟಾರ್ಚಿನ ಬೆಳಕು ಹಾಯಿಸಿ, ಓರೆಯಾಗಿ ಹಿಡಿದು ತೋರಿಸುತ್ತಾರೆ. ಫಂಗಸ್ ಇದ್ದರೆ ಆ ಬೆಳಕಿನಲ್ಲಿ ಗಾಜಿನ ಅಂಚಿನಿಂದ ಒಳಕ್ಕೆ ಕವಲೊಡೆದ ಬಿಳಿ ಎಳೆಗಳು ಕಾಣುತ್ತವೆ. ವಾಪಸು ತಂದಾಗಲೂ ಇದೇ ಪರೀಕ್ಷೆ. ಇದರಿಂದ ಯಾರ ತಪ್ಪು, ಯಾರು ಹಣ ಕಟ್ಟಬೇಕು ಎಂಬ ಜಗಳಕ್ಕೆ ಆಸ್ಪದವೇ ಉಳಿಯುವುದಿಲ್ಲ.

ಉಪಕರಣದ ಜೊತೆ ಕೊಡುವ ಸಾಮಾನುಗಳಲ್ಲೂ ಇದೇ ಎಚ್ಚರವಿದೆ. ಬಾಯಿ ಸುತ್ತಿ ಮಡಚಿ ಕ್ಲಿಪ್ ಹಾಕುವ ಡ್ರೈ ಬ್ಯಾಗ್, ಮಳೆಗವಸು, ನಾಲ್ಕು ಹತ್ತಿ ಬಟ್ಟೆ ಮತ್ತು ಬಟ್ಟೆಯ ಚೀಲದಲ್ಲಿ ಕಟ್ಟಿದ ಸಿಲಿಕಾ ಜೆಲ್ ಬಾಡಿಗೆಯಲ್ಲೇ ಸೇರಿವೆ. ಕಿತ್ತಳೆ ಬಣ್ಣದ ಆ ಮಣಿಗಳು ತೇವ ಹೀರಿ ಹಸಿರಾದರೆ ಅವುಗಳ ಕೆಲಸ ಮುಗಿಯಿತೆಂದು ಅರ್ಥ. ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆಗೆ ತಿರುಗುತ್ತವೆ. ಎಸಿ ಹಾಕಿದ ಕಾರಿನಲ್ಲಿ ತಣ್ಣಗಾದ ಕ್ಯಾಮೆರಾವನ್ನು ಘಟ್ಟದ ಮೇಲೆ ಇಳಿದ ಕೂಡಲೇ ಹೊರತೆಗೆದರೆ ಗಾಜಿನ ಮೇಲೆ, ಕೆಲವೊಮ್ಮೆ ಒಳಗೂ, ನೀರು ಕಟ್ಟುತ್ತದೆ. ಹಾಗಾಗಿ ಬ್ಯಾಗಿನ ಬಾಯಿ ಬಿಚ್ಚದೆ ಅರ್ಧ ಗಂಟೆ ಹೊರಗಿಟ್ಟು, ಒಳಗಿನ ಶಾಖ ಹೊರಗಿನದಕ್ಕೆ ಹೊಂದಿಕೊಂಡ ಮೇಲೆ ತೆಗೆಯಬೇಕೆಂದು ಅವರು ಪ್ರತಿಯೊಬ್ಬ ಗಿರಾಕಿಗೂ ತಪ್ಪದೆ ಹೇಳುತ್ತಾರೆ. ಹೇಳುವುದನ್ನೇ ಅಚ್ಚು ಹಾಕಿಸಿ ಒಂದು ಚೀಟಿ ಕೊಟ್ಟರೆ ಇಬ್ಬರಿಗೂ ಸಮಯ ಉಳಿಯುತ್ತಿತ್ತು, ಅದು ಬೇರೆ ಮಾತು.

ಆದರೆ ಈ ಅಂಗಡಿಯನ್ನು ಉಳಿದವುಗಳಿಂದ ಬೇರೆ ಮಾಡುವುದು ಅಲ್ಲಿನ ಪ್ರಶ್ನೆಗಳು. "ಯಾವ ಕಡೆ ಹೋಗುವುದು? ಎಷ್ಟು ಜನ? ನಡೆಯಲಿಕ್ಕೆ ಎಷ್ಟು ಉಂಟು?" ಎಂದು ಕೇಳಿದ ಮೇಲೆಯೇ ಕ್ಯಾಬಿನೆಟ್‌ನ ಬೀಗ ತೆರೆಯುವುದು. ಕುದುರೆಮುಖಕ್ಕೆ ಹೊರಟಿದ್ದ ನಾನು ಎರಡು ಬಾಡಿ (ಲೆನ್ಸಿಲ್ಲದ ಬರಿ ಕ್ಯಾಮೆರಾ), ಮೂರು ಲೆನ್ಸು, ಟ್ರೈಪಾಡ್, ಫ್ಲ್ಯಾಶ್ ಎಂದು ಪಟ್ಟಿ ಓದಿದಾಗ ಅವರು ಒಂದೊಂದನ್ನೇ ಮೇಜಿನ ಮೇಲಿಟ್ಟು, ಒಂದೊಂದನ್ನೇ ಬದಿಗೆ ಸರಿಸಿದರು. "ಇದೆಲ್ಲ ಹೊತ್ತುಕೊಂಡು ಹೋದರೆ ನೀವು ಕಾಲು ಮಾತ್ರ ನೋಡುವುದು ಮಾರಾಯ್ರೆ, ಗುಡ್ಡ ನೋಡಲಿಕ್ಕಿಲ್ಲ" ಎಂದರು. ಕೊನೆಗೆ ಉಳಿದದ್ದು ಒಂದು ಬಾಡಿ, 24–70 ಮಿ.ಮೀ.ನ ಒಂದು ಗಿಡ್ಡ ಜೂಮ್ ಲೆನ್ಸು, ಲೆನ್ಸಿನ ಮುಂದೆ ಹಾಕಿ ಹೊಳಪು ತಗ್ಗಿಸುವ ಪೋಲರೈಸರ್ ಎಂಬ ಒಂದು ಫಿಲ್ಟರ್. ಬಾಡಿಗೆಯ ವ್ಯಾಪಾರ ಮಾಡುವವರೇ ತಮ್ಮ ಬಿಲ್ಲನ್ನು ಅರ್ಧಕ್ಕೆ ಇಳಿಸುವುದನ್ನು ಬೇರೆಲ್ಲೂ ಕಂಡಿಲ್ಲ.

ಸಾಹಸಯಾತ್ರೆಯ ಛಾಯಾಗ್ರಹಣದ ಚರಿತ್ರೆಯಲ್ಲಿ ಬಿಟ್ಟುಬರುವುದಕ್ಕೆ ದೊಡ್ಡ ಸ್ಥಾನವಿದೆ. ಧ್ರುವಯಾತ್ರಿ ಅರ್ನೆಸ್ಟ್ ಶ್ಯಾಕಲ್ಟನ್ನರ ಎಂಡ್ಯೂರೆನ್ಸ್ ಹಡಗು 1915ರಲ್ಲಿ ಅಂಟಾರ್ಕ್ಟಿಕದ ವೆಡೆಲ್ ಸಮುದ್ರದ ಹಿಮದಲ್ಲಿ ನುಚ್ಚುನೂರಾದಾಗ, ಛಾಯಾಗ್ರಾಹಕ ಫ್ರ್ಯಾಂಕ್ ಹರ್ಲಿ ಮುಳುಗುತ್ತಿದ್ದ ಹಡಗಿನೊಳಗಿನ ಹಿಮನೀರಿಗಿಳಿದು ತಮ್ಮ ಗಾಜಿನ ನೆಗೆಟಿವ್‌ಗಳನ್ನು ಮೇಲೆತ್ತಿದರು. ಆಮೇಲೆ ಹಿಮದ ಮೇಲೆಯೇ ಕುಳಿತು ಶ್ಯಾಕಲ್ಟನ್ನರ ಜೊತೆ ಸುಮಾರು 120 ಫಲಕಗಳನ್ನು ಆರಿಸಿ, ಮನಸ್ಸು ಬದಲಾಗದಿರಲೆಂದು ಉಳಿದ 400ರಷ್ಟನ್ನು ಒಡೆದುಹಾಕಿದರು. ದೊಡ್ಡ ಕ್ಯಾಮೆರಾಗಳೂ ಅಲ್ಲೇ ಉಳಿದವು. ಮುಂದಿನ ತಿಂಗಳುಗಳಿಗೆ ಅವರ ಬಳಿ ಇದ್ದದ್ದು ಒಂದು ಪಾಕೆಟ್ ಕೊಡಾಕ್ ಮತ್ತು ಮೂರು ರೋಲ್ ಫಿಲ್ಮ್. ಆಮೇಲೆ ಎಲಿಫೆಂಟ್ ದ್ವೀಪದಲ್ಲಿ ರಕ್ಷಣೆಗಾಗಿ ಕಾಯುತ್ತ ಉಳಿದುಕೊಂಡ ತಂಡದವರ ಚಿತ್ರಗಳು ನಮಗೆ ಸಿಕ್ಕಿರುವುದು ಆ ಪುಟ್ಟ ಕ್ಯಾಮೆರಾದಿಂದಲೇ. ಬಲ್ಮಠದ ಮೇಜಿನ ಮೇಲೆ ಫ್ಲ್ಯಾಶ್ ಬದಿಗೆ ಸರಿದಾಗ ನನ್ನಲ್ಲೆದ್ದ ಅಸಮಾಧಾನ ಮಾಲೀಕರು ಹರ್ಲಿಯ ಕಥೆ ನೆನಪಿಸಿದ ಮೇಲೆ ಸ್ವಲ್ಪ ಸಣ್ಣದಾಯಿತು ಎಂದು ಒಪ್ಪಬೇಕು.

ಪೋಲರೈಸರ್ ಕೊಟ್ಟದ್ದು ಬಹಳ ಸರಿಯಾದ ಆಯ್ಕೆಯಾಗಿತ್ತು. ಮಳೆಯಲ್ಲಿ ತೊಯ್ದ ಎಲೆ ಮತ್ತು ಬಂಡೆಗಳು ಆಕಾಶದ ಬಿಳುಪನ್ನು ಪ್ರತಿಫಲಿಸುವುದರಿಂದ ಕಣ್ಣಿಗೆ ಕಡುಹಸಿರಾಗಿ ಕಾಣುವ ಕಾಡು ಚಿತ್ರದಲ್ಲಿ ಬೂದು ಬಳಿದಂತೆ ಬರುತ್ತದೆ. ಪೋಲರೈಸರನ್ನು ತಿರುಗಿಸುತ್ತ ಹೋದಂತೆ ಆ ಹೊಳಪು ಕಳಚಿ, ಶೋಲಾ ಕಾಡಿನ, ಅಂದರೆ ಘಟ್ಟದ ಕಣಿವೆಗಳಲ್ಲಿ ಬೆಳೆಯುವ ಗಿಡ್ಡ ಮರಗಳ ಕಾಡಿನ, ಒಂದೊಂದು ಹಸಿರೂ ಬೇರೆಬೇರೆಯಾಗಿ ಎದ್ದು ನಿಲ್ಲುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಒಂದೂವರೆ–ಎರಡು ಸ್ಟಾಪ್‌ನಷ್ಟು ಬೆಳಕು (ಒಂದು ಸ್ಟಾಪ್ ಕಡಿಮೆಯಾದರೆ ಬೆಳಕು ಅರ್ಧ). ದಟ್ಟ ಮೋಡದಲ್ಲಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿಸದೆ ವಿಧಿಯಿಲ್ಲ.

ಇಲ್ಲಿ ಡ್ರೋನ್ ಸಿಗುವುದಿಲ್ಲ. ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲವಾದ್ದರಿಂದ ಅದು ಸಹಜ. ಕುದುರೆಮುಖ, ಸೋಮೇಶ್ವರ, ಪುಷ್ಪಗಿರಿ ಎಂದು ನಮ್ಮ ಘಟ್ಟದ ಬಹುಪಾಲು ದಾರಿಗಳು ಇಂಥ ಕಾಡುಗಳಲ್ಲೇ ಇವೆ. ಮಾಲೀಕರ ಕಾರಣ ಇನ್ನೂ ಒಂದು ಹೆಜ್ಜೆ ಮುಂದಿದೆ. ಶಿಖರದ ಮೇಲೆ ತೋಳು ಚಾಚಿ ನಿಂತ ಒಬ್ಬನೇ ಒಬ್ಬ ಮನುಷ್ಯ, ಸುತ್ತ ಮಂಜು ಎಂಬ ಒಂದೇ ಚಿತ್ರವನ್ನು ಎಲ್ಲರೂ ತೆಗೆಯುತ್ತಿರುವುದು ಅವರಿಗೆ ಸರಿಕಾಣುವುದಿಲ್ಲ. ಅವರ ಮಾತಿನಲ್ಲಿ ಸತ್ಯವಿದೆ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾಲುಗಟ್ಟಿದ ಸಾವಿರಾರು ಚಾರಣಿಗರ ಚಿತ್ರಗಳು ಎಲ್ಲೆಡೆ ಹರಿದಾಡಿ, ಸರ್ಕಾರ ಚಾರಣವನ್ನೇ ಕೆಲಕಾಲ ತಡೆದು ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡುವಂತಾಯಿತು. ಅಲ್ಲಿ ಸಾಲಿನಲ್ಲಿ ನಿಂತಿದ್ದವರಲ್ಲಿ ಬಹಳ ಜನರನ್ನು ಕರೆತಂದದ್ದು ಯಾರೂ ಇಲ್ಲದ ಶಿಖರದ ಚಿತ್ರವೇ ಇರಬೇಕು. 1953ರ ಮೇ 29ರಂದು ಎವರೆಸ್ಟ್ ತುದಿಯಲ್ಲಿ ಹಿಲರಿ ತೇನ್‌ಸಿಂಗರ ಚಿತ್ರ ತೆಗೆದರು, ಸುತ್ತಲಿನ ಕಣಿವೆಗಳ ಚಿತ್ರ ತೆಗೆದರು. ತುದಿಯ ಮೇಲೆ ನಿಂತ ಹಿಲರಿಯ ಚಿತ್ರ ಮಾತ್ರ ಇಲ್ಲವೇ ಇಲ್ಲ. ಅದರಿಂದ ಅವರಿಗೇನೂ ಕಡಿಮೆಯಾಗಲಿಲ್ಲ.

ಇಷ್ಟಾದರೂ ಮಾಲೀಕರೊಂದಿಗೆ ನನಗೆ ಒಂದು ಗಟ್ಟಿಯಾದ ಭಿನ್ನಾಭಿಪ್ರಾಯವಿದೆ. ದೂರದ್ದನ್ನು ಹತ್ತಿರವಾಗಿ ತೋರಿಸುವ ಉದ್ದನೆಯ ಟೆಲಿಫೋಟೋ ಲೆನ್ಸು ಎಂದರೆ ಅವರಿಗೆ ಅಸಡ್ಡೆ. ಭಾರ, ದುಬಾರಿ, ಶೋಕಿ ಎಂಬುದು ಅವರ ವಾದ. ಸುಮಾರು ಒಂದೂವರೆ ಕೆ.ಜಿ. ತೂಗುವ 70–200 ಮಿ.ಮೀ.ನ ಅಂಥ ಲೆನ್ಸು ಒಂದೇ ಒಂದು ಅಂಗಡಿಯಲ್ಲಿದೆ, ಅದನ್ನೂ ಒತ್ತಾಯಿಸಿ ಕೇಳಬೇಕು. ಬೆಟ್ಟದ ರೂಪ ತೆಗೆಯಲು ಅದು ಬೇಡ ಎಂಬುದನ್ನು ಒಪ್ಪೋಣ. ಆದರೆ ಆಗುಂಬೆಯ ಬದಿಯಲ್ಲಿ ಸಿಂಗಳೀಕದ ಗುಂಪು ಎದುರಾದಾಗ, ಅಥವಾ ಹಣ್ಣಾದ ಆಲದ ಮರಕ್ಕೆ ಮಂಗಟ್ಟೆ ಹಕ್ಕಿ ಬಂದು ಕುಳಿತಾಗ, ಗಿಡ್ಡ ಲೆನ್ಸು ಹಿಡಿದವನು ಮಾಡುವುದು ಒಂದೇ: ಹತ್ತಿರ, ಇನ್ನೂ ಹತ್ತಿರ ಹೋಗುವುದು. ಉದ್ದ ಲೆನ್ಸು ನಮ್ಮನ್ನು ನಿಂತಲ್ಲೇ ನಿಲ್ಲಿಸುತ್ತದೆ, ಪ್ರಾಣಿಯನ್ನು ಅದರ ಪಾಡಿಗೆ ಬಿಡುತ್ತದೆ. ಕಾಡಿನ ಬಗ್ಗೆ ಇಷ್ಟೆಲ್ಲ ಕಾಳಜಿ ಇರುವ ಅಂಗಡಿ ಈ ಲೆನ್ಸುಗಳಿಗೆ ಒಂದು ಇಡೀ ಕಪಾಟು ಮೀಸಲಿಡಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಣ್ಣಪುಟ್ಟ ಕೊರತೆಗಳು ಇನ್ನೂ ಇವೆ. ಹೆಚ್ಚುವರಿ ಬ್ಯಾಟರಿಗಳು ಹಳೆಯವು, ಒಂದು ಬ್ಯಾಟರಿ ಮಧ್ಯಾಹ್ನದವರೆಗೂ ಬರುವುದಿಲ್ಲ. ಟ್ರೈಪಾಡ್‌ನ ಕಾಲುಗಳ ಸ್ಕ್ರೂಗಳಲ್ಲಿ ಹಿಂದಿನ ಗಿರಾಕಿಯ ಸಮುದ್ರ ತೀರದ ಮರಳು ಕರಕರ ಎನ್ನುತ್ತಿತ್ತು. ಲೆನ್ಸಿಗೆ ಸಿಗುವ ಆರೈಕೆಯ ಕಾಲುಭಾಗ ಅದಕ್ಕೆ ಸಿಕ್ಕಿದ್ದರೂ ಸಾಕಿತ್ತು. ಮಳೆಗವಸಿನ ದಾರ ಸಡಿಲವಾಗಿದ್ದು ಗಾಳಿಗೆ ಲೆನ್ಸಿನ ಮುಂದೆಯೇ ಬಂದು ಬೀಳುತ್ತದೆ, ರಬ್ಬರ್ ಬ್ಯಾಂಡ್ ಜೊತೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ದರದ ವಿಷಯ ಹೇಳುವುದಾದರೆ, ನಾನು ಪಡೆದ ಸೆಟ್ಟಿಗೆ ದಿನಕ್ಕೆ 1,400 ರೂಪಾಯಿ ಆಯಿತು. ಮದುವೆಗೆ ಕೊಡುವ ಅಂಗಡಿಗಳಿಗಿಂತ ತುಸು ಹೆಚ್ಚೇ, ಆದರೆ ಅಲ್ಲಿ ಡ್ರೈ ಬ್ಯಾಗಿಗೂ ಫಿಲ್ಟರಿಗೂ ಪ್ರತ್ಯೇಕ ಹಣ ಕೇಳುತ್ತಾರೆ. ಠೇವಣಿಯ ಜೊತೆ ಗುರುತಿನ ಚೀಟಿಯ ಪ್ರತಿ ಬೇಕು. ಅರಣ್ಯ ಇಲಾಖೆಯ ಬುಕಿಂಗ್ ಅಗತ್ಯವಿರುವ ದಾರಿಯಾದರೆ ಆ ಟಿಕೆಟನ್ನೂ ಅವರು ಕೇಳಿ ನೋಡುತ್ತಾರೆ, ಇಲ್ಲದಿದ್ದರೆ ಕ್ಯಾಮೆರಾ ಕೊಡುವುದಿಲ್ಲ. ವಾರಾಂತ್ಯಕ್ಕೆ ಬೇಕಿದ್ದವರು ಬುಧವಾರದೊಳಗೆ ಫೋನ್ ಮಾಡಬೇಕು. ಭಾನುವಾರ ರಾತ್ರಿ ತಡವಾಗಿ ಇಳಿದು ಬಂದವರು ಸೋಮವಾರ ಬೆಳಿಗ್ಗೆ ಹತ್ತರೊಳಗೆ ಮರಳಿಸಿದರೆ ಹೆಚ್ಚಿನ ದಿನದ ಬಾಡಿಗೆ ಹಾಕುವುದಿಲ್ಲ.